ಕಾದಿರಿಸಿದ ನೋವು

ಬೋರ್ಡು ಇನ್ನೂ ಸ್ವಲ್ಪ ದೊಡ್ಡದಿದ್ದಿದ್ದರೆ ಡಾಕ್ಟರ್ ನಿಝಾರನಿಗೆ ಸಮಾಧಾನವಾಗುತ್ತಿತ್ತು. ಶೋಧನ್‌ನ ಫೋಟೋ, ಹೆಸರಿನ ಹಿಂದೆ ಬಾಲದ ಹಾಗೆ ಡಿಗ್ರಿಗಳು, ಅಂಥದ್ದೇನಾದರೂ ಇದ್ದಿದ್ದರೆ ನೋಡು ಇವನ ಜಂಬ ಎಂದು ಒಳಗೊಳಗೇ ಹೇಳಿಕೊಂಡು ಹಗುರಾಗಿ ಮೆಟ್ಟಿಲು ಹತ್ತಬಹುದಿತ್ತು. ಮೂಡುಬಿದಿರೆಯ ಆ ಆಸ್ಪತ್ರೆಯ ಗೇಟಿಗೆ ಕಟ್ಟಿದ್ದದ್ದು ಒಂದು ಬಿಳಿ ಬ್ಯಾನರ್ ಮಾತ್ರ. ನೋವು ಚಿಕಿತ್ಸೆ, ವೈದ್ಯರಿಗೆ ಉನ್ನತ ತರಬೇತಿ ಶಿಬಿರ ಎಂದು ಬರೆದು, ಕೆಳಗೆ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ನಡೆಸಿಕೊಡುವವರು ಡಾ. ಶೋಧನ್ ಎಂದಿತ್ತು. ವಿನಯವಂತನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ಹಿಡಿದುಕೊಳ್ಳಲಿಕ್ಕೆ ಒಂದು ಕೊಂಬೆಯೂ ಸಿಗುವುದಿಲ್ಲ. ನಿಝಾರ್ ಕಾರಿನೊಳಗೇ ಸ್ವಲ್ಪ ಹೊತ್ತು ಕೂತ. ಹಾಸ್ಟೆಲಿನ ಹುಡುಗರು ಭಾನುವಾರದ ಉಮೇದಿನಲ್ಲಿ, ಹುಬ್ಬಳ್ಳಿ ಕಡೆಯ ಕನ್ನಡದಲ್ಲಿ ಏನೋ ತಮಾಷೆ ಮಾಡಿಕೊಳ್ಳುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋದರು. ತನ್ನನ್ನೇ ನೋಡಿ ನಕ್ಕರೇನೋ ಅನ್ನಿಸಿತು. ಐವತ್ತು ದಾಟಿದವನು ಹೆಗಲಿಗೆ ಬ್ಯಾಗು ಹಾಕಿಕೊಂಡು ಕಲಿಯಲಿಕ್ಕೆ ಬಂದಿದ್ದಾನೆಂದು ಆ ಹುಡುಗರಿಗೆ ಗೊತ್ತಾಗುವುದಾದರೂ ಹೇಗೆ? ಆದರೂ ಅನ್ನಿಸಿತು.

ಒಳಗೆ ಹೆಸರು ಬರೆಸಿಕೊಳ್ಳುವ ಮೇಜಿನ ಹಿಂದೆ ದೀಕ್ಷಿತಾ ಎಂಬ ಹುಡುಗಿ ಇದ್ದಳು, ಎಂ.ಡಿ. ಓದುತ್ತಿರುವವಳು. ಅವನ ನರೆತ ಗಡ್ಡ ನೋಡಿ ಎದ್ದು ನಿಂತು, ಸರ್, ನೀವು ಪಾಠ ಮಾಡುವವರಾ ಎಂದು ಕೇಳಿದಳು. ಅಲ್ಲ, ಕಲಿಯುವವನು ಎಂದ. ಅವಳು ಕೈಯಲ್ಲಿದ್ದ ಬ್ಯಾಡ್ಜಿನ ಹಳದಿ ಕೊರಳಪಟ್ಟಿಯನ್ನು ಮೆಲ್ಲ ಕೆಳಗಿಟ್ಟು ನೀಲಿಯದನ್ನು ಕೊಟ್ಟಳು. ಅಷ್ಟೇ ಆದದ್ದು. ಅದಕ್ಕೇ ಅವನ ಕಿವಿ ಬಿಸಿಯಾಯಿತು. ಹಾಲ್‌ನ ಆ ತುದಿಯಲ್ಲಿ ಶೋಧನ್ ಯಾರಿಗೋ ವಯರು ತೋರಿಸುತ್ತ ಬಗ್ಗಿ ನಿಂತಿದ್ದ. ಇವನನ್ನು ಕಂಡವನೇ ಎಲ್ಲ ಬಿಟ್ಟು ಓಡಿಬಂದ. ನಿಝಾರಣ್ಣ, ನೀವು ಬರುತ್ತೀರಿ ಅಂತ ನಾನು ಗ್ರಹಿಸಿಯೇ ಇರಲಿಲ್ಲ, ಎಂದು ಎರಡೂ ಕೈ ಹಿಡಿದುಕೊಂಡ. ನಿಜವಾದ ಸಂತೋಷವೇ ಅವನ ಮುಖದಲ್ಲಿತ್ತು. ಹುಡುಕಿದರೂ ಬೇರೇನೂ ಇರಲಿಲ್ಲ. ನಿಝಾರ್ ಹುಡುಕಿದ.

ಇಲ್ಲಿ ಕೂತಿರುವ ಎಲ್ಲರಿಗೂ ಒಂದು ಸಂಗತಿ ಗೊತ್ತಿರಬೇಕೆಂದು ನಿಝಾರನಿಗೆ ಆಸೆ: ಶೋಧನ್‌ನ ಕೈಗೆ ಮೊದಲ ಸೂಜಿ ಕೊಟ್ಟವನು ತಾನು. ಬಂಟ್ವಾಳದ ನರ್ಸಿಂಗ್ ಹೋಮಿನಲ್ಲಿ, ನೆರೆನೀರು ಪೇಟೆಯ ಅಂಗಡಿಗಳ ಮೆಟ್ಟಿಲವರೆಗೆ ಬಂದು ನಿಂತಿದ್ದ ಒಂದು ಬೆಳಿಗ್ಗೆ, ಹೆರಿಗೆ ಆಪರೇಷನ್ನಿನ ಅರಿವಳಿಕೆಗೆ ಕೂರಿಸಿದ್ದ ಹೆಂಗಸಿನ ಬೆನ್ನ ಹಿಂದೆ ನಡುಗುತ್ತಿದ್ದ ಹುಡುಗನ ಮಣಿಕಟ್ಟು ಹಿಡಿದು, ಅವಸರ ಸೂಜಿಗಿಲ್ಲ ಮಾರಾಯ, ನಿನ್ನ ಕೈಗೆ, ಎಂದು ಹೇಳಿಕೊಟ್ಟವನು ತಾನು. ಅವತ್ತು ರಸ್ತೆ ಕಟ್ಟಿತ್ತು, ಹುಡುಗನನ್ನು ಮನೆಗೆ ಕರೆದುಕೊಂಡು ಹೋಗಿದ್ದ. ತಾಯಿ, ಅವನ ಉಮ್ಮ, ಅಕ್ಕಿರೊಟ್ಟಿ, ಕೋಳಿಸಾರು ಬಡಿಸಿ, ಈ ಮಗುವಿಗೆ ಮೈಯಲ್ಲಿ ರಕ್ತವೇ ಇಲ್ಲ ಎಂದು ಇನ್ನೆರಡು ರೊಟ್ಟಿ ಹಾಕಿದ್ದರು. ಆಮೇಲೆ ಶೋಧನ್ ಮನೆಯವನೇ ಆಗಿಬಿಟ್ಟ. ದಿಲ್ಲಿಯಲ್ಲಿ ನೋವಿನ ಚಿಕಿತ್ಸೆಗೆಂದೇ ಒಂದು ವರ್ಷದ ಫೆಲೋಶಿಪ್ ಉಂಟು ಎಂಬ ಸುದ್ದಿ ಮೊದಲು ತಂದವನೂ ನಿಝಾರನೇ. ನಡೆಯುವ ಕಸುಬು ಬಿಟ್ಟು ಯಾರು ಹೋಗುತ್ತಾರೆ ಎಂದವನೂ ಅವನೇ. ಶೋಧನ್ ಹೋದ. ಹೋದವನು ಬರುವಾಗ ಇನ್ನೊಂದೇ ಮನುಷ್ಯನಾಗಿ ಬಂದಿದ್ದರೆ, ಸೂಟು ಹಾಕಿಕೊಂಡು ಬಂದಿದ್ದರೆ ಬೇರೆ ಮಾತು. ಅವನು ಅದೇ ಹಳೆಯ ಚಪ್ಪಲಿಯಲ್ಲಿ ಬಂದು ಉಮ್ಮನ ಕಾಲ ಬಳಿ ಕೂತು ದಿಲ್ಲಿಯ ಚಳಿಯ ಕಥೆ ಹೇಳಿದ್ದ.

ಈಗ ಬೆಳ್ತಂಗಡಿಯಿಂದ, ಚಾರ್ಮಾಡಿಯ ಬುಡದಿಂದ ಜನ ಬಸ್ಸು ಬದಲಿಸಿ ಬದಲಿಸಿ ಶೋಧನ್‌ನಲ್ಲಿಗೆ ಬರುತ್ತಾರೆ. ಸೊಂಟ ಹಿಡಿದವರು, ಮುಖದ ನರ ಸಿಡಿಯುವವರು, ಕ್ಯಾನ್ಸರಿನ ಕೊನೆಯ ದಿನಗಳಲ್ಲಿರುವವರು. ಗುಣವಾದವರು ಹಲಸಿನಹಣ್ಣು ಹೊತ್ತು ತಂದು ಬಾಗಿಲಲ್ಲಿಟ್ಟು ಹೋಗುತ್ತಾರಂತೆ. ನಿಝಾರ್ ಅರಿವಳಿಕೆ ಕೊಟ್ಟು ಮಲಗಿಸಿ ಎಬ್ಬಿಸಿದವರಿಗೆ ಲೆಕ್ಕವಿಲ್ಲ. ಎಚ್ಚರಾದ ಮೇಲೆ ಒಬ್ಬರಿಗೂ ಅವನ ಮುಖ ನೆನಪಿರುವುದಿಲ್ಲ. ಹೂವಿನ ಗುಚ್ಛ ಸರ್ಜನ್ನಿಗೆ, ಸ್ವೀಟು ನರ್ಸುಗಳಿಗೆ. ಬಂಟ್ವಾಳದಿಂದ ಬೆಳ್ತಂಗಡಿಗೆ, ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ, ಕರೆದಲ್ಲಿಗೆ ಕಾರು ಓಡಿಸುವ ಅವನ ಬಗ್ಗೆ ಥಿಯೇಟರಿನವರು ಫೋನಿನಲ್ಲಿ, ಅನೆಸ್ತೀಸಿಯಾ ಹೊರಟಿತಾ ಎಂದು ಕೇಳುತ್ತಾರೆ. ಹೆಣದ ಗಾಡಿಯನ್ನು ಕೇಳಿದ ಹಾಗೆ. ಇದನ್ನೆಲ್ಲ ಇಷ್ಟು ವರ್ಷ ಅವನು ನಕ್ಕೇ ಕಳೆದಿದ್ದ. ಕಸುಬೇ ಹಾಗೆ ಎಂದಿದ್ದ. ಅದೇ ಕಸುಬಿನ ಒಳಗಿನಿಂದ ಒಬ್ಬ ಹೊರಗೆ ಬಂದು ಮುಖ ತೋರಿಸಿದ ಮೇಲೆ ಆ ನಗು ಹೊರಡಲಿಲ್ಲ.

ಬೆಳಿಗ್ಗೆ ಹೊರಡುವಾಗ ಉಮ್ಮ ಬಾಗಿಲವರೆಗೆ ಬಂದಿದ್ದರು. ಎಡ ಭುಜದ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಮೈಯಿಂದ ಎತ್ತಿ ಹಿಡಿದುಕೊಂಡೇ ನಿಂತಿದ್ದರು, ಮಾತಾಡುವಷ್ಟು ಹೊತ್ತೂ. ಸರ್ಪಸುತ್ತು ಬಂದು ಹೋದದ್ದು ಮಳೆಗಾಲಕ್ಕೂ ಮೊದಲು. ಬೆನ್ನಿನಿಂದ ಕಂಕುಳ ಕೆಳಗೆ ಎದೆಯವರೆಗೆ ಸುತ್ತಿದ್ದ ಗುಳ್ಳೆಗಳು ಒಣಗಿ ಕಪ್ಪು ಕಲೆ ಉಳಿದಿದೆ, ನೋವು ಮಾತ್ರ ಹೋಗಿಲ್ಲ. ಒತ್ತಿದರೆ ನೋಯುವುದಿಲ್ಲ, ಬಟ್ಟೆ ಸೋಕಿದರೆ ಉರಿಯುತ್ತದೆ. ಫ್ಯಾನಿನ ಗಾಳಿಗೂ ಆಗುವುದಿಲ್ಲ. ನಿಝಾರ್ ಮಾತ್ರೆ ಕೊಟ್ಟ, ಪ್ರಮಾಣ ಏರಿಸಿದ, ಅದರ ಅಮಲಿಗೆ ಉಮ್ಮ ಹಗಲೆಲ್ಲ ತೂಕಡಿಸತೊಡಗಿದರು. ಸಂಜೆ ಮನೆಗೆ ಬಂದವನು ಕೇಳುತ್ತಾನೆ, ಉಮ್ಮ ಹೇಗುಂಟು? ನಿನ್ನೆಗಿಂತ ವಾಸಿ ಎಂದು ಅವರು ಹೇಳುತ್ತಾರೆ. ಅವನಿಗೂ ಅಷ್ಟೇ ಸಾಕು. ಹೆಂಡತಿ ರಶೀನಾ ಒಮ್ಮೆ, ಶೋಧನಣ್ಣನಿಗೆ ಒಂದು ಫೋನ್ ಮಾಡಿದರೆ ಎಂತ ಎಂದಿದ್ದಳು. ಸೂಜಿ ಹಾಕುವ ಹಂತ ಇನ್ನೂ ಬಂದಿಲ್ಲ ಎಂದು ಅವನು ಡಾಕ್ಟರ ಧ್ವನಿಯಲ್ಲಿ ಹೇಳಿದ. ಆ ಧ್ವನಿ ಮನೆಯಲ್ಲಿ ಬಳಸುವುದು ಸುಳ್ಳು ಹೇಳುವಾಗ ಮಾತ್ರ ಎಂದು ರಶೀನಾಗೆ ಗೊತ್ತಿರಬೇಕು, ಅವಳು ಮತ್ತೆ ಕೇಳಲಿಲ್ಲ. ಹಂತ ಯಾವಾಗಲೋ ಬಂದಾಗಿತ್ತು. ಬೆನ್ನೆಲುಬಿನ ಪಕ್ಕ, ಸ್ಕ್ಯಾನಿನಲ್ಲಿ ನೋಡಿಕೊಂಡು, ಸ್ನಾಯುವಿನ ಅಡಿಗೆ ಮದ್ದು ಬಿಡಬೇಕು. ಬೆನ್ನುಹುರಿಯ ಸೂಜಿ ಅವನಿಗೆ ಕಣ್ಣು ಮುಚ್ಚಿ ಬರುತ್ತದೆ, ಇದು ಬರುವುದಿಲ್ಲ. ಅವನು ಕಲಿತ ಕಾಲದಲ್ಲಿ ಇದು ಇರಲಿಲ್ಲ. ಶೋಧನ್‌ಗೆ ಬರುತ್ತದೆ. ಮೂಡುಬಿದಿರೆ ಎಂಥ ದೂರ, ಸಿದ್ದಕಟ್ಟೆಯ ದಾರಿಯಲ್ಲಿ ಹೋದರೆ ಊಟದ ಹೊತ್ತಿಗೆ ವಾಪಸ್ಸು ಬರಬಹುದು. ಆಗ ಶಿಬಿರದ ಸುದ್ದಿ ಬಂತು. ತಾನೇ ಕಲಿತು ತಾನೇ ಹಾಕುವುದು, ಮಂಗಳವಾರ, ಸ್ಕ್ಯಾನ್ ಮೆಷಿನ್ ಇರುವ ನರ್ಸಿಂಗ್ ಹೋಮಿನಲ್ಲಿ, ಎಂದು ನಿಶ್ಚಯ ಮಾಡಿ, ಉಮ್ಮನಿಗೂ ಅಲ್ಲಿಯವರಿಗೂ ಎಲ್ಲ ಹೇಳಿಟ್ಟು ಬಂದಿದ್ದ. ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿಯುವ ಹಾಗೆ ಉಮ್ಮನ ನೋವನ್ನು ತನ್ನ ಕೈಗೆಂದು ಹಿಡಿದಿಟ್ಟಿದ್ದ. ಇಷ್ಟು ನೇರವಾಗಿ ಅವನು ಇದನ್ನು ಯಾವತ್ತೂ ಯೋಚಿಸಿರಲಿಲ್ಲ. ಶೋಧನ್ ಪಾಠ ಮಾಡುತ್ತಿರುವಾಗ, ಪರದೆಯ ಮೇಲೆ ಬೂದು ಬಣ್ಣದ ಪಕ್ಕೆಲುಬುಗಳು ಮೂಡುತ್ತಿರುವಾಗ, ಅದು ತಾನಾಗಿ ಬಂದು ಎದುರು ಕೂತಿತು.

ಸ್ಕ್ಯಾನ್ ಮಾಡಿ ತೋರಿಸಲಿಕ್ಕೆ ಒಂದು ಮೈ ಬೇಕಾಗುತ್ತದೆ. ಅದಕ್ಕೆಂದು ಒಪ್ಪಿಕೊಂಡಿದ್ದ ವಿದ್ಯಾರ್ಥಿ ದಷ್ಟಪುಷ್ಟನಾಗಿದ್ದ. ಕೊಬ್ಬಿನ ಅಡಿಯಲ್ಲಿ ಏನೂ ಸರಿಯಾಗಿ ಕಾಣಲಿಲ್ಲ. ಸಪೂರದವರು ಯಾರಾದರೂ, ಎಂದು ಶೋಧನ್ ಸುತ್ತ ನೋಡಿದ. ಹಿಂದಿನಿಂದ ಯಾರೋ, ಈ ಸರ್ ಇದ್ದಾರಲ್ಲ ಎಂದರು. ಶೋಧನ್‌ನ ಮುಖ ಸಣ್ಣದಾಯಿತು. ಬೇಡ ಬೇಡ, ಅವರು ಹಿರಿಯರು ಎಂದ. ಆ ಮಾತೇ ನಿಝಾರನನ್ನು ಎಬ್ಬಿಸಿತು. ಅದಕ್ಕೆಂತ, ಎಂದು ನಗುತ್ತ ಮುಂದೆ ಹೋಗಿ, ಅಂಗಿ ಬಿಚ್ಚಿ, ಬನಿಯನ್ನೂ ಬಿಚ್ಚಿ, ಬೋರಲು ಮಲಗಿದ. ಮಲಗಿದ ಮೇಲೆ ಗೊತ್ತಾಯಿತು, ಬರಿಮೈಯಲ್ಲಿ ಬೋರಲು ಬಿದ್ದವನಿಗೆ ದೊಡ್ಡತನ ತೋರಿಸಲಿಕ್ಕೆ ಯಾವ ದಾರಿಯೂ ಇರುವುದಿಲ್ಲ. ಬೆನ್ನ ಮೇಲೆ ತಣ್ಣಗೆ ಜೆಲ್ ಬಿತ್ತು. ಮೇಲೆ, ಕಾಣದ ಕಡೆಯಿಂದ, ಶೋಧನ್‌ನ ಧ್ವನಿ. ಇದು ಐದನೆಯ ಪಕ್ಕೆಲುಬು, ಇಲ್ಲಿ ಹೊಳೆಯುತ್ತಿರುವ ಗೆರೆ ಶ್ವಾಸಕೋಶದ ಹೊದಿಕೆ, ಉಸಿರಿಗೆ ಜಾರುತ್ತಿದೆ ನೋಡಿ. ತನ್ನ ಉಸಿರನ್ನು ಇಪ್ಪತ್ತು ಮೂವತ್ತು ಜನ ನೋಡುತ್ತಿದ್ದಾರೆ ಎಂದು ನಿಝಾರ್ ಉಸಿರು ಸಣ್ಣಗೆ ಬಿಟ್ಟ. ಎಷ್ಟು ಹಗುರ ಕೈ ಅವನದ್ದು! ಒತ್ತುತ್ತಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಉಮ್ಮನ ಬೆನ್ನ ಮೇಲೆ ಈ ಕೈ ಇದ್ದಿದ್ದರೆ, ಎಂದು ಒಂದು ಕ್ಷಣ ಅನ್ನಿಸಿ, ಅದರ ಬೆನ್ನಿಗೇ ಮೈ ಪರಚಿಕೊಳ್ಳುವ ಹಾಗಾಯಿತು. ಸೂಜಿಯ ಮಾತು ಬಂದಾಗ ಶೋಧನ್, ಅವಸರ ಸೂಜಿಗಿಲ್ಲ, ನಮ್ಮ ಕೈಗೆ, ಎಂದ. ನಿಝಾರ್ ಹಲ್ಲು ಕಚ್ಚಿಕೊಂಡ. ಸಿಕ್ಕಿತು, ಕೊನೆಗೂ ಸಿಕ್ಕಿತು, ಕಳ್ಳ. ಅಷ್ಟರಲ್ಲಿ ಶೋಧನ್ ಹೇಳಿದ, ಇದು ನನ್ನ ಮಾತಲ್ಲ, ನನಗೆ ಕೆಲಸ ಕಲಿಸಿದ ಗುರುಗಳದ್ದು, ಈಗ ಇಲ್ಲಿ ಮಲಗಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಝಾರ್ ಮುಖ ಹಾಸಿಗೆಯಲ್ಲಿ ಹುದುಗಿಸಿಕೊಂಡು ಕೈ ಮಾತ್ರ ಸ್ವಲ್ಪ ಎತ್ತಿದ. ದೂರಲಿಕ್ಕೆ ಇದ್ದ ಒಂದು ಕಾರಣವೂ ಹೋಯಿತು.

ಊಟಕ್ಕೆ ಶೋಧನ್ ತಟ್ಟೆ ಹಿಡಿದುಕೊಂಡು ಅವನ ಪಕ್ಕಕ್ಕೇ ಬಂದು ಕೂತ. ಶೋಧನ್‌ನ ಕೊರಳ ಬಳಿ ಜೆಲ್ಲಿನ ಒಂದು ತುಣುಕು ಒಣಗಿ ಅಂಟಿತ್ತು, ಅದನ್ನು ನೋಡುತ್ತ ನಿಝಾರ್ ಅನ್ನ ಕಲಸಿದ. ಉಮ್ಮ ಹೇಗಿದ್ದಾರೆ ಎಂದು ಶೋಧನ್ ಕೇಳಿದ. ಆರಾಮ ಎಂದ ನಿಝಾರ್. ನೋಡದೆ ವರ್ಷವೇ ಆಯಿತು, ಒಂದು ದಿನ ಬರ್ತೇನೆ ಎಂದ ಶೋಧನ್. ಬಾ ಎಂದ. ಎರಡು ಮಾತು, ಒಂದರಲ್ಲಿ ಸುಳ್ಳು, ಇನ್ನೊಂದರಲ್ಲಿ ಇನ್ನೂ ದೊಡ್ಡದು. ಬಂದರೆ ಭುಜದ ಮೇಲೆ ಎತ್ತಿ ಹಿಡಿದ ಆ ಬಟ್ಟೆಯನ್ನು ಕಾಣದೆ ಇರುತ್ತಾನಾ? ಆಗ ಶೋಧನ್ ಒಂದು ಮಾತನ್ನೂ ಬೈಯುವುದಿಲ್ಲ, ಛೆ ಎಂದು ಸಹ ಅನ್ನುವುದಿಲ್ಲ. ಮಂಗಳವಾರದವರೆಗೆ ಬಾರದಿದ್ದರೆ ಸಾಕು ಎಂದು ಲೆಕ್ಕ ಹಾಕುತ್ತಿದ್ದ ತನ್ನ ತಲೆಯನ್ನು ನಿಝಾರ್ ಯಾರದೋ ತಲೆಯನ್ನು ನೋಡುವ ಹಾಗೆ ನೋಡಿದ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಮದ್ದಾಗಲೇಬೇಕು ಎಂದು ಹಟ ಹಿಡಿದದ್ದು ಹಿತ್ತಲ ಗಿಡವೇ.

ಮಧ್ಯಾಹ್ನ ಕೈಯಿಂದ ಮಾಡಿ ಕಲಿಯುವ ಪಾಠ. ಮೇಜುಗಳ ಮೇಲೆ ಸ್ಟೀಲಿನ ಟ್ರೇ, ಅದರಲ್ಲಿ ಪಕ್ಕೆಲುಬಿನ ಸಮೇತ ಮಾಂಸದ ತುಂಡು. ಬೇರೆ ಕಡೆ ಇದಕ್ಕೆ ಹಂದಿಯದ್ದನ್ನು ಇಡುತ್ತಾರೆ, ಶೋಧನ್ ಸರ್ ನಿನ್ನೆ ರಾತ್ರಿ ನಿಮ್ಮ ಹೆಸರು ಪಟ್ಟಿಯಲ್ಲಿ ನೋಡಿದ ಮೇಲೆ ಕುರಿಯದ್ದು ತರಿಸಿದರು ಎಂದು ದೀಕ್ಷಿತಾ ಹೇಳಿದಳು. ಬರುತ್ತೀರಿ ಅಂತ ಗ್ರಹಿಸಿರಲಿಲ್ಲ ಎಂದು ಬೆಳಿಗ್ಗೆ ಹೇಳಿದ್ದು ಹಾಗಾದರೆ ಸುಳ್ಳು, ಎಂದು ನಿಝಾರನ ಮನಸ್ಸು ತಕ್ಷಣ ಎದ್ದು ನಿಂತಿತು. ಒಂದು ಸಣ್ಣ ಸುಳ್ಳು, ಇವನ ಮುಜುಗರ ಕಳೆಯಲಿಕ್ಕೆ ಹೇಳಿದ್ದು. ಅದನ್ನು ಹಿಡಿದುಕೊಂಡು ಎಷ್ಟು ದೂರ ಹೋಗಲಿಕ್ಕಾಗುತ್ತದೆ? ಅವನು ಗ್ಲೌಸು ಹಾಕಿಕೊಂಡ. ದೀಕ್ಷಿತಾ ಮೊದಲು ಮಾಡಿದಳು. ಎಡಗೈಯಲ್ಲಿ ಸ್ಕ್ಯಾನಿನ ಹಿಡಿಕೆ, ಬಲಗೈಯಲ್ಲಿ ಸೂಜಿ, ಕಣ್ಣು ಪರದೆಯಲ್ಲಿ. ಸೂಜಿ ಬೆಳ್ಳಗೆ ಗೆರೆಯಾಗಿ ಮೂಡಿ ನೇರ ಎಲುಬಿನ ಮೇಲೆ ಹೋಗಿ ನಿಂತಿತು. ಮೊಬೈಲು ಹಿಡಿದೇ ಹುಟ್ಟಿದ ಮಕ್ಕಳು, ಇವರಿಗೆ ಕಣ್ಣೊಂದು ಕಡೆ ಕೈಯೊಂದು ಕಡೆ ಇರುವುದೇ ಅಭ್ಯಾಸ. ನಿಝಾರ್ ಹಿಡಿದಾಗ ಪರದೆಯಲ್ಲಿ ಸೂಜಿಯೇ ಇರಲಿಲ್ಲ. ಓರೆ ಮಾಡಿದ, ಸರಿಸಿದ. ಮಾಂಸ ಅಲುಗುತ್ತಿತ್ತು, ಸೂಜಿಯ ತುದಿ ಎಲ್ಲಿದೆಯೋ ದೇವರಿಗೇ ಗೊತ್ತು. ಇಷ್ಟು ವರ್ಷದ ಕೈ ಹೇಳಿತು, ಒಳಗೆ ಉಂಟು, ಬಿಡು, ಹೋಗುವ. ಅವನು ತಳ್ಳಿದ. ಸೂಜಿ ಮಾಂಸವನ್ನು ದಾಟಿ ಟ್ರೇಯ ತಳಕ್ಕೆ ತಾಗಿತು. ಸರ್, ಶ್ವಾಸಕೋಶಕ್ಕೆ ಹೋಯ್ತು, ಎಂದಳು ದೀಕ್ಷಿತಾ. ತಮಾಷೆಗಲ್ಲ, ಪಾಠದಲ್ಲಿ ಹಾಗೆ ಹೇಳಬೇಕು ಎಂದು ಹೇಳಿದಳು. ಇನ್ನೊಮ್ಮೆ ಮಾಡಿ ಸರ್, ಎಲ್ಲರಿಗೂ ಮೊದಲು ಹೀಗೇ ಆಗುವುದು, ತಿಂಗಳುಗಟ್ಟಲೆ ಮಾಡಿದ ಮೇಲೆ ಬರುತ್ತದೆ.

ಇನ್ನೊಮ್ಮೆ ಮಾಡಿದ. ಮತ್ತೆ ಟ್ರೇ. ಮೂರನೆಯ ಸಲ ಸೂಜಿಯನ್ನು ಮಾಂಸದಲ್ಲೇ ಬಿಟ್ಟು ಕೈ ಹಿಂದಕ್ಕೆ ತೆಗೆದ. ಅಲ್ಲಿ ಇದ್ದದ್ದು ಕುರಿಯ ಪಕ್ಕೆಲುಬಲ್ಲ, ಮಂಗಳವಾರ. ಉಮ್ಮ ಬೆನ್ನು ತಿರುಗಿಸಿ ಕೂತಿರುತ್ತಾರೆ, ಬಿಸ್ಮಿ ಎಂದು ದೇವರ ಹೆಸರು ಹೇಳಿಕೊಂಡು. ಮಗ ಏನು ಮಾಡಿದರೂ ಸರಿಯಾಗಿಯೇ ಮಾಡುತ್ತಾನೆ ಎಂದು ಅಲುಗದೆ ಕೂತಿರುತ್ತಾರೆ. ತಾನು ತಳ್ಳುತ್ತಿದ್ದೆ, ಖಂಡಿತ ತಳ್ಳುತ್ತಿದ್ದೆ ಎಂದು ನಿಝಾರನಿಗೆ ಗೊತ್ತಿತ್ತು. ಶೋಧನ್‌ನನ್ನು ಕರೆಯುವುದಕ್ಕಿಂತ ತಳ್ಳುವುದು ಸುಲಭವಾಗಿತ್ತು. ಗ್ಲೌಸಿನಲ್ಲೇ ಹಾಲ್ ದಾಟಿ ಹೋಗಿ, ಯಾರಿಗೋ ಹೇಳಿಕೊಡುತ್ತಿದ್ದ ಶೋಧನ್‌ನ ತೋಳು ಹಿಡಿದ.

"ಉಮ್ಮನಿಗೆ ಸರ್ಪಸುತ್ತಿನ ನೋವು ಉಳಿದಿದೆ. ಮಳೆಗಾಲಕ್ಕೂ ಮೊದಲಿನಿಂದ ಉಂಟು. ನಾನು ನಿನಗೆ ಹೇಳಲಿಲ್ಲ."

ಶೋಧನ್ ಅವನನ್ನೇ ನೋಡಿದ. ಯಾಕೆ ಎಂದು ಕೇಳಲಿ ಎಂದು ನಿಝಾರ್ ಕಾದ. ಕೇಳಿದ್ದರೆ ಹೇಳಿಬಿಡುತ್ತಿದ್ದ, ಹೊಟ್ಟೆಕಿಚ್ಚು ಮಾರಾಯ ಎಂದು, ಅಷ್ಟೂ ಜನರ ಎದುರಿಗೆ. ಶೋಧನ್ ಕೇಳಲಿಲ್ಲ. ರಶೀನತ್ತಿಗೆಗೆ ಫೋನ್ ಮಾಡಿ, ಈಗಲೇ ಕರಕೊಂಡು ಬರಲಿ, ನಾನಿಲ್ಲೇ ಇರ್ತೇನೆ, ಎಂದಷ್ಟೇ ಹೇಳಿ ತಿರುಗಿದ.

ಅವರು ಬರುವಷ್ಟು ಹೊತ್ತು ನಿಝಾರ್ ಗೇಟಿನ ಬಳಿಯೇ ನಿಂತಿದ್ದ. ರಶೀನಾ ಕಾರು ನಿಲ್ಲಿಸಿ ಇಳಿದು ಅವನ ಮುಖವನ್ನು ನೋಡಿ, ಉಮ್ಮನ ಕಡೆಯ ಬಾಗಿಲು ತೆರೆದಳು. ಉಮ್ಮ ಮೆಲ್ಲ ಇಳಿದು, ಭುಜದ ಬಟ್ಟೆ ಎತ್ತಿ ಹಿಡಿದುಕೊಂಡೇ, ಶೋಧನ್‌ನ ಆಸ್ಪತ್ರೆ ಚೆಂದ ಉಂಟಲ್ಲ ಮೋನೆ, ಎಂದು ಮಗನಿಗೆ ಹೇಳಿದರು. ಚೆಂದ ಉಂಟು ಎಂದ. ಕಲಿಯಲು ಬಂದವರಿಗೆ ಚಹಾದ ಬಿಡುವು ಕೊಟ್ಟಿದ್ದರು. ಇಂಥ ನೋವಿಗೆ ಸೂಜಿ ಹಾಕುವುದನ್ನು ನೋಡಲಿಕ್ಕಾಗುತ್ತದಾ ಎಂದು ಕೆಲವರು ಕೇಳಿದಾಗ ಶೋಧನ್, ಇಲ್ಲ, ಇವರು ನಮ್ಮ ಮನೆಯವರು ಎಂದು ಬಾಗಿಲು ಹಾಕಿಕೊಂಡ. ನಮ್ಮ ಮನೆಯವರು! ನಿಝಾರ್ ಅದನ್ನೂ ಎತ್ತಿಕೊಂಡು ಒಳಗೆ ಇಟ್ಟುಕೊಂಡ.

ರಶೀನಾ ಹೊರಗಿನ ಬೆಂಚಿನಲ್ಲಿ ಕೂತಳು. ಒಳಗೆ ಉಮ್ಮನನ್ನು ಬಲಮಗ್ಗುಲಿಗೆ ಮಲಗಿಸಿದರು. ನಿಝಾರ್ ಅವರ ಬೆನ್ನ ಹಿಂದೆ ನಿಂತು ಬಿ.ಪಿ. ಪಟ್ಟಿ ಕಟ್ಟುತ್ತಿದ್ದ. ಶೋಧನ್ ಸ್ಟೂಲು ಎಳೆದುಕೊಂಡು ಅವರ ಮುಖದ ಎದುರು ಕೂತ. ಸೂಜಿ ಮುಟ್ಟಲಿಲ್ಲ, ಮೆಷಿನ್ನೂ ಮುಟ್ಟಲಿಲ್ಲ. ತುಳುವಿನಲ್ಲಿ, ಊಟ ಆಯಿತಾ ಎಂದು ಕೇಳುವ ಹಾಗೆ, ಉಮ್ಮ, ತುಂಬ ಕಷ್ಟ ಆಗುವುದು ಯಾವಾಗ ಎಂದು ಕೇಳಿದ. ಕೇಳಿ ಸುಮ್ಮನೆ ಕೂತ. ನಿಝಾರ್ ಆಗಲೇ ಬಾಯಿ ತೆರೆದಿದ್ದ, ಈಗ ಸ್ವಲ್ಪ ವಾಸಿ ಉಂಟು ಎಂದು ಹೇಳಲಿಕ್ಕೆ. ಅಷ್ಟರಲ್ಲಿ ಉಮ್ಮ ಮಾತಾಡಿದರು. ನಮಾಝಿನ ಬಟ್ಟೆ ತೊಡಲಿಕ್ಕೆ ಆಗದೆ ಎಷ್ಟೋ ದಿನವಾಯಿತಂತೆ. ಅದು ಕುತ್ತಿಗೆಯಿಂದ ಇಳಿಯುವಾಗ ಬೆಂಕಿಯ ಮೇಲೆ ಎಳೆದ ಹಾಗೆ ಆಗುತ್ತದಂತೆ. ಕೋಣೆಯ ಬಾಗಿಲು ಹಾಕಿ, ನಮಾಝು ಮಾಡಿದೆ ಎಂದು ಮನೆಯವರಿಗೆ ಹೇಳಿ, ಬರಿದೇ ಕೂತು ಎದ್ದು ಬರುತ್ತಾರಂತೆ. ಟವೆಲು ಬಾಯಿಗೆ ತುರುಕಿಕೊಂಡು ಅತ್ತದ್ದೂ ಉಂಟಂತೆ. ಶೋಧನ್ ಹೂಂ ಎಂದು ಸಹ ಅನ್ನದೆ ಕೇಳುತ್ತಿದ್ದ.

"ಇನ್ನು ಸಾಕು, ಕರೆದುಕೋ ಅಂತ ಪಡೆದ ಅಲ್ಲಾಹನಲ್ಲಿ ಕೇಳಿಕೊಂಡೆ ಮಗಾ," ಎಂದರು ಉಮ್ಮ. "ಹಾಗೆ ಕೇಳಬಾರದು. ನನಗೆ ಗೊತ್ತುಂಟು. ಆದರೂ ಕೇಳಿದೆ."

"ನಿಝಾರಣ್ಣನಿಗೆ ಯಾಕೆ ಹೇಳಲಿಲ್ಲ ಉಮ್ಮ?"

"ಅವನು ಕಲೀತಾ ಇದ್ದಾನಲ್ಲ. ನಾನು ಜೋರು ನೋವು ಅಂದರೆ ಅವನಿಗೆ ಅವಸರ ಆಗುದಿಲ್ವಾ?"

ಪಟ್ಟಿಯೊಳಗೆ ಗಾಳಿ ತುಂಬಿ ಇಳಿಯಿತು. ನಿಝಾರ್ ಸಂಖ್ಯೆಯನ್ನು ನೋಡಿದ, ಓದಲಾಗಲಿಲ್ಲ. ಭಯವಾಗಬೇಕಿತ್ತು, ನಾಚಿಕೆಯಾಗಬೇಕಿತ್ತು, ಎರಡೂ ಬಂದವು, ಆದರೆ ಎಲ್ಲಕ್ಕಿಂತ ಮೊದಲು ಬಂದದ್ದು ಅದೇ ಹಳೆಯ ಉರಿ. ಇವನಿಗೆ ಹೇಳಿದರು. ನನಗೆ ಹೇಳದ್ದನ್ನು ಇವನಿಗೆ ಹೇಳಿದರು. ಹೆತ್ತ ತಾಯಿ ಸಾಯಬೇಕೆಂದುಕೊಂಡದ್ದನ್ನು ಕೇಳಿಸಿಕೊಂಡ ಹೊತ್ತಿನಲ್ಲೂ ಅದನ್ನು ಯಾರ ಕಿವಿಗೆ ಹೇಳಿದರು ಎಂದು ಲೆಕ್ಕ ಇಡುವ ಮನಸ್ಸು ತನ್ನದು. ಇಂಥದ್ದನ್ನು ಯಾವ ಸೂಜಿಯಿಂದ ಮರಗಟ್ಟಿಸುತ್ತಾರೆ?

ಶೋಧನ್ ಎದ್ದು ಈ ಕಡೆಗೆ ಬಂದ. ಸ್ಕ್ಯಾನಿನ ಹಿಡಿಕೆಯನ್ನು ಉಮ್ಮನ ಬೆನ್ನ ಮೇಲೆ ಗಾಳಿಯ ಹಾಗೆ ಇಟ್ಟ. ಪರದೆಯಲ್ಲಿ ಎಲುಬು ಮೂಡಿತು. ಅವನು ಸೂಜಿಯನ್ನು ನಿಝಾರನ ಕಡೆಗೆ ಚಾಚಿ, ನೀವು ಹಾಕಿ ಅಣ್ಣ, ನಾನು ಹಿಡ್ಕೊಂಡು ದಾರಿ ತೋರಿಸ್ತೇನೆ, ಏನೂ ಆಗುದಿಲ್ಲ, ಎಂದ. ಕೊಡುವುದನ್ನು ಇಷ್ಟು ಸುಲಭವಾಗಿ ಕೊಡುತ್ತಾರಲ್ಲ ಕೆಲವರು. ನಿಝಾರನ ಕೈ, ಅಷ್ಟೆಲ್ಲ ಆದ ಮೇಲೂ, ಮುಂದೆ ಹೋಯಿತು. ಉಮ್ಮ ತಿರುಗಿ ನೋಡಲಿಲ್ಲ. ಗೋಡೆಯ ಕಡೆಗೆ ಮುಖವಿಟ್ಟುಕೊಂಡೇ ಮನೆಮಾತಾದ ಬ್ಯಾರಿಯಲ್ಲಿ, ಅವನೊಬ್ಬನಿಗೆ ಎಂಬ ಹಾಗೆ, ಬೇಡ ಮೋನೆ, ಶೋಧನ್ ಹಾಕಲಿ, ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು. ನಿಝಾರ್ ಕೈ ಹಿಂದಕ್ಕೆ ತೆಗೆದು, ಆಯ್ತು ಉಮ್ಮ ಎಂದ.

ಸೂಜಿ ಹೋದದ್ದು ಉಮ್ಮನಿಗೆ ತಿಳಿಯಲೇ ಇಲ್ಲ. ಪರದೆಯಲ್ಲಿ ಸ್ನಾಯು ಮೆಲ್ಲ ಮೇಲಕ್ಕೆದ್ದು ಅಡಿಯಲ್ಲಿ ಮದ್ದು ಕಪ್ಪಗೆ ಹರಡಿತು. ಕೆಲಸವಾದ ಮೇಲೆ ಅವರನ್ನು ಎಬ್ಬಿಸಿ ಕೂರಿಸಿ ಮೂವರೂ ಕಾದರು. ಹೊರಗೆ ಚಹಾ ಕುಡಿಯುವವರ ಮಾತು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಉಮ್ಮ ಎತ್ತಿ ಹಿಡಿದಿದ್ದ ಬಟ್ಟೆಯನ್ನು ತಗ್ಗಿಸಿ ನೋಡಿದರು. ಮತ್ತೆ ಎತ್ತಿದರು, ಮತ್ತೆ ತಗ್ಗಿಸಿದರು. ಆಮೇಲೆ ಬೆರಳು ಬಿಟ್ಟರು. ಬಟ್ಟೆ ಭುಜದ ಮೇಲೆ ಬಿತ್ತು. ಅವರು ಕಣ್ಣು ಮುಚ್ಚಿಕೊಂಡು ಹಾಗೇ ಕೂತಿದ್ದರು.

ನಿಝಾರ್ ಅವರ ಎದುರು ಬಂದು ಮಂಡಿಯೂರಿದ. "ಈಗ ಹೇಗುಂಟು ಉಮ್ಮ?"

ಉಮ್ಮ ಕಣ್ಣು ತೆರೆದು ಅವನ ಕೆನ್ನೆ ಸವರಿದರು. ವಾಸಿ ಉಂಟು ಮೋನೆ ಎಂದರು. ಅದೇ ಮುಖ, ಅದೇ ಮಾತು, ಮಳೆಗಾಲಕ್ಕೂ ಮೊದಲಿನಿಂದ ದಿನಾ ಸಂಜೆ ಕೇಳಿದ್ದು. ನಿಜವಿರಬಹುದು. ಬಟ್ಟೆ ಭುಜದ ಮೇಲೆಯೇ ಇತ್ತು, ನಿಜವೇ ಇರಬೇಕು. ನಿಝಾರ್ ಆ ಮುಖದಲ್ಲಿ ಬಹಳ ಹೊತ್ತು ಹುಡುಕಿದ. ಆಮೇಲೆ ಎದ್ದು, ಜಾಗ ಬಿಟ್ಟು ಪಕ್ಕಕ್ಕೆ ನಿಂತು ಹೇಳಿದ:

"ನೀನೊಮ್ಮೆ ಕೇಳು, ಶೋಧನ್."